ಒಂದು ಡಬ್ಬಿ, ಎರಡು ಒಲಿ

ರೊಕ್ಕ ಇದ್ದದ್ದು ಒಂದ ಡಬ್ಬಿಗೆ,
ಬೇಕಾದದ್ದು ಎರಡು.
ನನಗ, ಗಂಡ ಶೂಟ್ ಮಾಡಿ ನಾ ಮಿಕ್ಸಿಂಗ್ ಮಾಡಿದ
ಮದುವಿ ಕ್ಯಾಸೆಟ್ಟೆಲ್ಲಾ ಬೂಷ್ಟು ಹಿಡಿಯೂ ಮೊದಲ
ಇಳಿಸಿ ಇಡಾಕ ಒಂದು ಕಪಾಟು.
ಶಿವಲೀಲಾಗ ಆಟ.
ಹತ್ತನೇತ್ತ ಪಾಸಾಗು, ಕೊಡಸ್ತೀನಿ ಅಂದಿದ್ದೆ,
ಪಾಸಾಗಿ ಕುಂತಾಳ.

ವಿಜಯಪುರದಿಂದ ಮಕ್ತುಮ ಕಾರ್ಡ್ ತಂದ,
ಯಾರೋ ಆಡಿ ಬಿಟ್ಟದ್ದು, ಫ್ಯಾನಿನ ಒಂದು ಎಲಿ ಮುಕ್ಕು.
ಟವೆಲ್ಲಿನ್ಯಾಗ ಸುತ್ತಿ ತೊಡಿ ಮ್ಯಾಲಿಟ್ಟುಕೊಂಡು
ಕೂಸಿನಂಗ ತಂದೀನಿ ಅಕ್ಕಾ, ಅಂದ.
ಕೂಸಿನ ರೇಟ್ ಕೇಳಿ ನಾನ ಅಳುವಂಗಾತು.

ನವನಗರದ ಮೇ ತಿಂಗಳು.
ಹಿಂದಿನ ಖೋಲಿ ಫರಶಿ ಮ್ಯಾಲ ಬೋರ್ಡ್ ಹಾಸಿಕೊಂಡು
ಪೇಸ್ಟು ಕಾಳಿನಷ್ಟ ಹಚ್ಚು ಅಂದ್ರ
ಜ್ವಾಳದ ಕಾಳೋ, ಕಡ್ಲಿ ಕಾಳೋ, ಅಂತಾಳ.
ಮುಗಿಲಿನಂಗ ಬೆವತು, ಸ್ಕ್ರೂ ಜಾರಿ ಒಳಗ ಬಿದ್ದು,
ಡಬ್ಬಿ ಡಬ್ಬ ಹಾಕಿ ಝಾಡಿಸಿ, ಮತ್ತ ಮೊದಲಿಂದ.

ಆಮ್ಯಾಲೆ ಪಾಲು.
ಹನ್ನೆರಡು ಕೋರಿನ್ಯಾಗ ಎಂಟು ಆಕಿಗೆ, ನಾಕು ನನಗ.
ಮಾವನ ಅಣ್ಣತಮ್ಮರು ಹೊಲ ಹಂಚಿಕೊಂಡಾಗೂ
ಇಷ್ಟು ಒದರಾಟ ಆಗಿರಲಿಲ್ಲ.
ನಡುವ ಕಾಣದ ಗ್ವಾಡಿ.
ಈ ಕಡೆ ಯಜಮಾನ, ಆ ಕಡೆ ಬೀಗರು,
ಬೀಗರಿಗೆ ತಾವು ಬೀಗರು ಅನ್ನೂದು ಗೊತ್ತಾಗಬಾರದು.
ಇದು ನಿಮ್ಮ ಸ್ವಂತ ಮನಿ, ನೀವ ಕಟ್ಟಿಸಿದ್ದು,
ಅಂತ ಹತ್ತು ಕಡೆ ಸುಳ್ಳು ಬರೀಬೇಕು.
ಒಂದು ಕಡೆ ತಪ್ಪಿದ್ರೂ ಕಾರ್ಡಿಗೆ ಸಿಟ್ಟು,
ನಲವತ್ಮೂರು ಅಂತ ನಂಬರ್ ತೋರಿಸಿ ಕಣ್ಣು ಮುಚ್ಚತಿತ್ತು.
ಹೊರಗ ನಲವತ್ತೆರಡು ಡಿಗ್ರಿ.
ಒಳಗ ನಲವತ್ಮೂರು.

ನಾಕನೇ ರಾತ್ರಿ ಸುಳ್ಳು ಸರಿಯಾಗಿ ಕುಂತು
ಪರದೆ ಬೆಳಕಾತು.
ಮಗಳು ನನ್ನ ಮಾರಿ ನೋಡಲಿಲ್ಲ, ಪರದೆ ನೋಡಿದ್ಲು.
ಇರ್ಲಿ.

ಕ್ಯಾಸೆಟ್ಟಿಗೆ ಅವಸರ ಇಲ್ಲ.
ಮೂರು ತಾಸಿನ ಮದುವಿ ಇಳಿಯಾಕ ಮೂರು ತಾಸ ಬೇಕು,
ಬೀಗರ ಜಗಳ ಸುದ್ದಾ ಬಿಡೂಹಂಗಿಲ್ಲ.
ಇಳಿದದ್ದನ್ನ ಪಡಸಾಲಿ ಟಿವಿಗೆ ಕಳಿಸಿದೆ.
ಹಳೇ ಊರಿನ ಓಣಿ. ಈಗ ಅಲ್ಲಿ ಹಿನ್ನೀರು, ಮೀನಿನ ಬಲಿ.
ಅತ್ತಿ ಗೌರವ್ವ ಕಣ್ಣೀರು ಹಾಕತಾಳ ಅಂದ್ಕೊಂಡಿದ್ದೆ,
ಆಕಿ ಎದ್ದು ಟಿವಿಗೆ ಬಟ್ಟು ಹಚ್ಚಿದ್ಲು:
ತಡಿ. ಹಿಂದಕ್ಕ ಹೋಗು. ಇನ್ನೊಂಚೂರು.
ಅಗೋ ನಮ್ಮ ಹಂಡೆ!

ಮದುಮಗಳ ಹಿಂದ, ಒಲಿ ಮ್ಯಾಲ,
ಕಂಠದ ಹತ್ರ ತಗ್ಗು ಬಿದ್ದ ತಾಮ್ರದ ಹಂಡೆ.
ಬೇವೂರವರು ಒಂದು ದಿನಕ್ಕಂತ ಒಯ್ದು
ಊರು ಬಿಡೂ ಗದ್ದಲದಾಗ ಕಳೀತು ಅಂದಿದ್ದರಂತ.

ಆಗ ಕರೆಂಟ್ ಹೋತು.
ಯುಪಿಎಸ್ ಚೀರಾಕ ಹತ್ತಿತು, ಏಳು ನಿಮಿಷದ ಜೀವ.
ಒಂದ ಡಬ್ಬ್ಯಾಗ ಅತ್ತ ಗುಂಡು ಹಾರತಾವ,
ಇತ್ತ ಹಂಡೆ ನೀರು ಕಾಯಾಕತ್ತೇತಿ.
ಅವ್ವಾ, ಇನ್ನ ಒಬ್ಬಾಂವ ಉಳದಾನ, ಆರಸಬ್ಯಾಡ!
ಹಂಡೆ ಹೋದೀತು, ಆರಸಬ್ಯಾಡ!
ಯಜಮಾನಕಿ ನಾನು,
ಎರಡು ಬಟನ್ನಿನ ನಡುವ ಬಟ್ಟು ಹಿಡಕೊಂಡು
ಆರು ನಿಮಿಷ ಸುಮ್ಮನ ನಿಂತೆ.
ಆಮ್ಯಾಲೆ ಇಬ್ಬರನ್ನೂ ಮಲಗಿಸಿದೆ.

ಮುಂಜಾನೆ ಅತ್ತಿ ನೆರಿಗಿ ಹಾಕಿ ಸೀರಿ ಉಟ್ಟು
ಮೊಮ್ಮಗಳ ಸ್ಕೂಟರ್ ಹತ್ತಿದ್ಲು.
ಶಿವಲೀಲಾಳ ಮೊಬೈಲಿನ್ಯಾಗ ಹಂಡೆಯ ಫೋಟೋ,
ತಗ್ಗು ದೊಡ್ಡದು ಮಾಡಿದ್ದು ಬ್ಯಾರೆ ಒಂದು.

ನಾನು ಡಬ್ಬಿ ಬಿಚ್ಚಿ ದೂಳು ಊದಾಕ ಕುಂತೀನಿ.
ಇನ್ನ ಹನ್ನೊಂದು ಚೀಲ ಕ್ಯಾಸೆಟ್ಟು ಅದಾವ.
ಯಾರ್ಯಾರ ಮನಿ ಹಂಡೆ, ಪರಾತ, ಕೊಡಪಾನ
ಕಾದು ಕುಂತಾವೋ ಏನೋ.